ಕೆರೆಯ ನೀರಿನಲ್ಲಿ ನ್ಯಾನೊಕಣಗಳ ಗತಿ

ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲ. ಇಲ್ಲಿನ ಬೇಸಾಯವು ಪೂರ್ವದಿಂದಲೂ ಕೆರೆಗಳನ್ನೇ ನಂಬಿದುದು. 2018ರ ಜೂನ್ ತಿಂಗಳಿನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರು, ಎರಡನೆಯ ಹಂತದವರೆಗೆ ಶುದ್ಧಿಗೊಂಡು, ಲಕ್ಷ್ಮೀಸಾಗರದ ಕೆರೆಯ ಮೂಲಕ ಈ ಜಿಲ್ಲೆಗೆ ಬರುತ್ತಿದೆ. ದಿನವೊಂದಕ್ಕೆ 44 ಕೋಟಿ ಲೀಟರು ನೀರಿನಿಂದ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಮೊದಲಾದ ಕಡೆಯ 126 ಕೆರೆಗಳನ್ನು ತುಂಬಿಸಿ ಅಂತರ್ಜಲವನ್ನು ಹೆಚ್ಚಿಸುವುದು ಯೋಜನೆಯ ಉದ್ದೇಶ. ಆ ವರ್ಷದ ಜುಲೈಯಲ್ಲಿ ಕೆರೆಯ ಮೇಲೆ ಎದ್ದ ನೊರೆಯನ್ನು ಎಲ್ಲರೂ ಕಂಡರು. ಕಣ್ಣಿಗೆ ಕಾಣದ ಇನ್ನೊಂದು ಬಗೆಯ ಮಾಲಿನ್ಯವನ್ನು ನಾವು ಇಲ್ಲಿ ವಿಚಾರಿಸುವೆವು.

ಒಂದು ನ್ಯಾನೊಮೀಟರು ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. 1ರಿಂದ 100 ನ್ಯಾನೊಮೀಟರು ಗಾತ್ರದ ಬೆಳ್ಳಿ, ಸತುವಿನ ಆಕ್ಸೈಡು, ಟೈಟಾನಿಯಂ ಡೈಆಕ್ಸೈಡುಗಳ ಕಣಗಳು ಬಟ್ಟೆ, ಬಣ್ಣ, ಮೈಗೆ ಹಚ್ಚುವ ಲೇಪಗಳಿಂದ ನಗರಗಳ ಚರಂಡಿಯನ್ನು ಸೇರುತ್ತವೆ. ಶುದ್ಧೀಕರಣದಲ್ಲಿ ಬಹುಭಾಗವು ರಾಡಿಗೆ ಅಂಟಿ ಉಳಿಯುತ್ತದೆ. ಅಲ್ಪಭಾಗವು ನೀರಿನೊಡನೆ ಹೊರಬೀಳುತ್ತದೆ.

ಒಂದು ಸೆಂಟಿಮೀಟರು ಅಂಚಿನ ಘನದ ಮೇಲ್ಮೈ 6 ಚದರ ಸೆಂಟಿಮೀಟರು. ಅದನ್ನೇ 10 ನ್ಯಾನೊಮೀಟರು ಅಂಚಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರು ಆಗುವುದು. ಈ ಕಣಗಳು ಇತರ ವಸ್ತುಗಳನ್ನು ಸುಲಭವಾಗಿ ಹಿಡಿಯುವುದಕ್ಕೆ ಇದೇ ಮುಖ್ಯ ಕಾರಣ.

ಸಮಾನ ವಿದ್ಯುದಾವೇಶವುಳ್ಳ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಈ ತಡೆಯನ್ನು ಕುಗ್ಗಿಸುವುದರಿಂದ ಕಣಗಳು ಗುಂಪುಗೂಡುತ್ತವೆ. ಕೆಂಪು ನೀರಿನಲ್ಲಿ ಪಟಿಕವನ್ನು ಆಡಿಸಿದರೆ ನೀರು ತಿಳಿಯಾಗುವಂತೆಯೇ ಇದು. ಕೊಳೆತ ಎಲೆಗಳಿಂದ ಬರುವ ಹ್ಯೂಮಿಕ್ ವಸ್ತುವಾದರೋ ಕಣವನ್ನು ಹೊದ್ದು ಅದನ್ನು ತೇಲುವಂತೆ ಮಾಡುತ್ತದೆ. ಆದರೆ ಕೆರೆಯಲ್ಲಿ ಜೇಡಿಮಣ್ಣಿನ ಕಣಗಳು ಹೇರಳವಾಗಿರುವುದರಿಂದ ಹೆಚ್ಚಿನವು ಅದಕ್ಕೆ ಅಂಟಿ ತಳ ಸೇರುತ್ತವೆ.

ಹೀಗೆ ನೀರು ತಿಳಿಯಾದರೂ ಮಾಲಿನ್ಯವು ಇಲ್ಲವಾಗಲಿಲ್ಲ, ಹೂಳಿಗೆ ಸರಿಯಿತು. ಗಾಳಿಯಿಲ್ಲದ ಕೆಸರಿನಲ್ಲಿ ಬೆಳ್ಳಿಯು ಗಂಧಕದೊಡನೆ ಕೂಡಿ ಸಲ್ಫೈಡಾಗುತ್ತದೆ. ಅದು ಕರಗುವುದು ಅತ್ಯಲ್ಪ. ಅದರ ವಿಷಗುಣವೂ ಕಡಮೆ. ಸತುವಿನ ಆಕ್ಸೈಡು ಕರಗಿ, ಅದರ ಸತುವೂ ಬಹುಮಟ್ಟಿಗೆ ಹಾಗೆಯೇ ಬಂಧಿತವಾಗುತ್ತದೆ. ಕೆರೆ ಬತ್ತಿ ಹೂಳಿಗೆ ಗಾಳಿ ತಗುಲಿತೆಂದರೆ ಈ ಬಂಧ ಸಡಿಲವಾಗತೊಡಗುವುದು: ಸತುವಿನದು ಬೇಗ, ಬೆಳ್ಳಿಯದು ಬಹು ನಿಧಾನ. ಆ ಹೂಳನ್ನೇ ರೈತರು ಗೊಬ್ಬರವೆಂದು ಹೊಲಕ್ಕೆ ಹೊಡೆಯುತ್ತಾರೆ.

ಒಂದು ಕೆರೆಯ ಕೋಡಿ ಮುಂದಿನ ಕೆರೆಯನ್ನು ತುಂಬಿಸುವ ಈ ಸರಣಿಯಲ್ಲಿ ಮೊದಲ ಕೆರೆಗಳ ತಳವೇ ಹೆಚ್ಚಿನ ಭಾರವನ್ನು ಹೊರುವುದು ಸಹಜ. ಆದಕಾರಣ ನೀರನ್ನಷ್ಟೇ ಪರೀಕ್ಷಿಸಿ ಕೆರೆಯು ಶುದ್ಧವೆನ್ನುವುದು ಅರ್ಧ ಪರೀಕ್ಷೆ. ಮೇಲಿನ ಕೆರೆ, ಕೆಳಗಿನ ಕೆರೆ ಎರಡರ ಹೂಳನ್ನೂ ಮಳೆಗಾಲಕ್ಕೆ ಮುಂಚೆಯೂ ಅನಂತರವೂ ಪರೀಕ್ಷಿಸಬೇಕು. ಈ ನಾಲ್ಕು ತಾಲ್ಲೂಕುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಮಾದರಿಗಳನ್ನು ಸಂಗ್ರಹಿಸುವ ಕೆಲಸವು ಅವರಿಂದಲೇ ಆರಂಭವಾಗಬಹುದು.