ಆಂಪ್ಲಿಫೈಯರ್ ಬಿಸಿಯಾಗುವ ಹೊತ್ತು

ವಾಲ್ವ್ ಆಂಪ್ಲಿಫೈಯರಿನ ಸ್ವಿಚ್ ಹಾಕಿದ ಕೂಡಲೇ ಹಾಡು ಕೇಳಿಸುವುದಿಲ್ಲ. ಸಾಮಾನ್ಯವಾಗಿ 10ರಿಂದ 30 ಸೆಕೆಂಡು ಕಾಯಬೇಕು. ಹಳೆಯ ವಾಲ್ವ್ ರೇಡಿಯೋಗಳಲ್ಲೂ ಮೊದಲು ಡಯಲ್ಲಿನ ಬಲ್ಬು ಹೊತ್ತಿಕೊಂಡು, ಸ್ಪೀಕರಿನಿಂದ ಸಣ್ಣಗೆ ಗುಂಯ್ ಎಂಬ ಸದ್ದು ಹೊರಟು, ಆಮೇಲಷ್ಟೇ ದನಿ ಮೆಲ್ಲನೆ ಏರುತ್ತಿತ್ತು.

ಇದಕ್ಕೆ ಕಾರಣ ವಾಲ್ವಿನ ರಚನೆಯಲ್ಲೇ ಇದೆ. ಗಾಳಿ ತೆಗೆದು ಮುಚ್ಚಿದ ಗಾಜಿನ ಬುರುಡೆಯ ನಡುವೆ ಕ್ಯಾಥೋಡ್ ಎಂಬ ಸಣ್ಣ ನಿಕ್ಕಲ್ ಕೊಳವೆ ಇರುತ್ತದೆ. ಅದರ ಮೈಗೆ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡುಗಳ ಬಿಳಿ ಲೇಪ, ಒಳಗೆ ಕಾಯುವ ಟಂಗ್‌ಸ್ಟನ್ ತಂತಿ. ಬಹುಪಾಲು ಆಡಿಯೋ ವಾಲ್ವುಗಳಲ್ಲಿ ಈ ತಂತಿಗೆ 6.3 ವೋಲ್ಟ್ ಕೊಡುತ್ತಾರೆ. ಲೇಪ 700-800 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಾಗ ಎಲೆಕ್ಟ್ರಾನುಗಳು ಅದರಿಂದ ಸಿಡಿದು ಸುತ್ತಲಿನ ಆನೋಡ್ ಎಂಬ ತಗಡಿನತ್ತ ಹರಿಯುತ್ತವೆ. ತಣ್ಣಗಿರುವ ಕ್ಯಾಥೋಡಿನಿಂದ ಅವು ಹೊರಬರಲಾರವು. ಈ ಉಷ್ಣ ವಿಸರ್ಜನೆಯ ನಿಯಮವನ್ನು ಬಿಡಿಸಿದ ಓವೆನ್ ರಿಚರ್ಡ್‌ಸನ್ ಅವರಿಗೆ 1928ರ ಭೌತಶಾಸ್ತ್ರದ ನೊಬೆಲ್ ಸಂದಿತು.

ಕರೆಂಟಿಲ್ಲದ ಊರುಗಳಲ್ಲಿ ಬಳಕೆಯಲ್ಲಿದ್ದ ಬ್ಯಾಟರಿ ರೇಡಿಯೋಗಳಿಗೆ ಈ ಕಾಯುವಿಕೆ ಇರಲಿಲ್ಲ. ಅವುಗಳ ವಾಲ್ವಿನಲ್ಲಿ ಪ್ರತ್ಯೇಕ ಕೊಳವೆಯಿಲ್ಲ, 1.4 ವೋಲ್ಟಿನ ನವಿರಾದ ತಂತಿಯೇ ಕ್ಯಾಥೋಡ್. ಅಷ್ಟು ತೆಳುವಾದದ್ದು ಕ್ಷಣಮಾತ್ರದಲ್ಲಿ ಬಿಸಿಯಾಗುತ್ತದೆ.

ಟ್ರಾನ್ಸಿಸ್ಟರಿನಲ್ಲಿ ಕಾಯಿಸಬೇಕಾದ ತಂತಿಯೇ ಇಲ್ಲ. ಆದರೂ ಅನೇಕ ಆಂಪ್ಲಿಫೈಯರುಗಳು ಕೆಲವು ಸೆಕೆಂಡು ಮೌನವಾಗಿದ್ದು, ಒಳಗೆ ಟಕ್ ಎಂದ ಮೇಲೆ ಹಾಡತೊಡಗುತ್ತವೆ. ಆ ಸದ್ದು ರಿಲೇಯದು. ಒಳಗಿನ ವೋಲ್ಟೇಜುಗಳು ನೆಲೆಗೊಳ್ಳುವವರೆಗೆ ಅದು ಸ್ಪೀಕರನ್ನು ಬೇರ್ಪಡಿಸಿಟ್ಟು ಕಾಪಾಡುತ್ತದೆ. ಬಿಸಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗೆಂದು ಟ್ರಾನ್ಸಿಸ್ಟರಿಗೆ ಬಿಸಿಯ ಪ್ರಭಾವ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಉಷ್ಣತೆ ಒಂದು ಡಿಗ್ರಿ ಏರಿದರೆ ಅದರ ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಇದರಿಂದ ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಸದಾ ಹರಿಯುವ ಬಯಾಸ್ ಕರೆಂಟ್ ಏರುಪೇರಾಗುತ್ತದೆ. ಅದು ತೀರ ಕಡಿಮೆಯಾದರೆ ಅಲೆಯು ಶೂನ್ಯವನ್ನು ದಾಟುವಲ್ಲಿ ಒಂದು ಟ್ರಾನ್ಸಿಸ್ಟರ್ ಇನ್ನೊಂದಕ್ಕೆ ಕೆಲಸ ಒಪ್ಪಿಸುವಾಗ ದನಿ ಕೆಡುತ್ತದೆ. ಇದನ್ನು ತಡೆಯಲು, ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿಗೇ ಅಂಟಿಸಿದ ಚಿಕ್ಕ ಟ್ರಾನ್ಸಿಸ್ಟರೊಂದು ಅಲ್ಲಿನ ಬಿಸಿಗೆ ತಕ್ಕಂತೆ ಬಯಾಸನ್ನು ಸರಿಪಡಿಸುತ್ತಿರುತ್ತದೆ. ಭಾರದ ಅಲ್ಯೂಮಿನಿಯಂ ಹೀಟ್‌ಸಿಂಕ್ ಒಂದು ಹದಕ್ಕೆ ಬರಲು ಅರ್ಧ ಗಂಟೆಯೂ ಹಿಡಿಯಬಹುದು. ಆದ್ದರಿಂದಲೇ ರಿಪೇರಿ ಮಾಡುವವರು ಬಯಾಸನ್ನು ಯಂತ್ರ ಬಿಸಿಯಾದ ಮೇಲೆ ಹೊಂದಿಸುತ್ತಾರೆ. ವಿನ್ಯಾಸ ಚೆನ್ನಾಗಿದ್ದರೆ ಈ ಅವಧಿಯ ವ್ಯತ್ಯಾಸ ಮೀಟರಿಗೆ ಸಿಕ್ಕೀತು, ಕಿವಿಗೆ ಸಿಗುವುದು ಅಪರೂಪ.

ಉಳಿದ ಭಾಗಗಳ ವಿಷಯ ಇನ್ನೂ ಸರಳ. ಗ್ರಾಮಫೋನ್ ಮುಳ್ಳನ್ನು ಹಿಡಿದಿರುವ ರಬ್ಬರ್ ಚಳಿಗೆ ಬಿರುಸಾಗುತ್ತದೆ. ಕೋಣೆ ಬೆಚ್ಚಗಿದ್ದರೆ ಸಾಕು. ಡಿಜಿಟಲ್ ಪ್ಲೇಯರಿನ ಗಡಿಯಾರ-ಸ್ಫಟಿಕದ ಕಂಪನ ಬಿಸಿಗೆ ಬದಲಾಗುವುದು ಹತ್ತು ಲಕ್ಷದಲ್ಲಿ ಕೆಲವೇ ಭಾಗ. ಕೇಬಲ್ಲುಗಳನ್ನು ಬಿಸಿಮಾಡುವ ಅಗತ್ಯವೇ ಇಲ್ಲ.

ಕಾಯುವುದನ್ನು ತಪ್ಪಿಸಲು ಯಂತ್ರವನ್ನು ಸದಾ ಆನ್ ಇಟ್ಟರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ವಾಲ್ವಿನ ಲೇಪ ಬಳಸಿದಷ್ಟೂ ಸವೆಯುತ್ತದೆ. ಕ್ಲಾಸ್ ಎ ಆಂಪ್ಲಿಫೈಯರ್ ಹಾಡು ಇಲ್ಲದಾಗಲೂ ಹೆಚ್ಚುಕಡಿಮೆ ಪೂರ್ತಿ ಕರೆಂಟನ್ನು ಎಳೆಯುತ್ತದೆ. ವಾಲ್ವ್ ಅಥವಾ ಕ್ಲಾಸ್ ಎ ಯಂತ್ರವಿದ್ದವರು ಕೇಳಲು ಕೂರುವ ಅರ್ಧ ಗಂಟೆ ಮುಂಚೆ ಸ್ವಿಚ್ ಹಾಕಿ, ಮುಗಿದ ಮೇಲೆ ಆರಿಸುವುದು ಒಳ್ಳೆಯದು. ಉಳಿದವರು ಕಾಯದೆ ಹಾಡು ಕೇಳಬಹುದು.