ಹನ್ನೆರಡು ಡಿಗ್ರಿಗೊಂದು ತಿಥಿ

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಕಡೆಗಿರುವ ಅರ್ಧಗೋಳ ಬೆಳಗುತ್ತದೆ, ಇನ್ನರ್ಧ ತನ್ನದೇ ನೆರಳಿನಲ್ಲಿ ಕತ್ತಲಾಗಿರುತ್ತದೆ. ಕ್ರಿ.ಶ. 499ರ ಸುಮಾರಿನ ‘ಆರ್ಯಭಟೀಯ’ದ ಗೋಲಪಾದ ಗ್ರಹಗೋಳಗಳ ಬಗ್ಗೆ ಹೇಳುವುದೂ ಇದನ್ನೇ. ಗ್ರಹಣದ ಹೊತ್ತನ್ನು ಬಿಟ್ಟರೆ ಈ ಅರ್ಧ ಬೆಳಕು, ಅರ್ಧ ಕತ್ತಲೆಯ ಲೆಕ್ಕ ಅಮಾವಾಸ್ಯೆಗೂ ಹುಣ್ಣಿಮೆಗೂ ಒಂದೇ. ದಿನದಿನಕ್ಕೆ ಬದಲಾಗುವುದು, ಬೆಳಗಿದ ಆ ಅರ್ಧದಲ್ಲಿ ಎಷ್ಟು ಪಾಲು ಭೂಮಿಯತ್ತ ತಿರುಗಿದೆ ಎಂಬುದು. ಅದನ್ನು ತೀರ್ಮಾನಿಸುವುದು ಆಕಾಶದಲ್ಲಿ ಸೂರ್ಯನಿಗೂ ಚಂದ್ರನಿಗೂ ನಡುವಿನ ಕೋನ.

ಭೂಮಿಯಿಂದ ಸರಾಸರಿ 3,84,400 ಕಿ.ಮೀ. ದೂರದಲ್ಲಿ ಸುತ್ತುವ ಚಂದ್ರ, ನಕ್ಷತ್ರಗಳ ಹಿನ್ನೆಲೆಯಲ್ಲಿ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ. ಭೂಮಿಯ ಚಲನೆಯಿಂದಾಗಿ ಸೂರ್ಯನೂ ಅದೇ ದಿಕ್ಕಿಗೆ ಸುಮಾರು ಒಂದು ಡಿಗ್ರಿ ಸರಿದಂತೆ ಕಾಣುತ್ತಾನೆ. ಹೀಗಾಗಿ ಇಬ್ಬರ ನಡುವಿನ ಅಂತರ ದಿನಕ್ಕೆ ಸುಮಾರು 12 ಡಿಗ್ರಿ ಬೆಳೆಯುತ್ತದೆ. ಪಂಚಾಂಗದ ತಿಥಿ ಎಂದರೆ ಈ 12 ಡಿಗ್ರಿಯೇ. ಅಂತರ ಸೊನ್ನೆಯಾದಾಗ ಅಮಾವಾಸ್ಯೆ ಮುಗಿದು ಪಾಡ್ಯ ಹಿಡಿಯುತ್ತದೆ, 12 ಡಿಗ್ರಿ ತುಂಬಿದರೆ ಬಿದಿಗೆ, 24 ತುಂಬಿದರೆ ತದಿಗೆ. 180 ಡಿಗ್ರಿ ಮುಟ್ಟಿದ ಕ್ಷಣಕ್ಕೆ ಹುಣ್ಣಿಮೆ ಮುಗಿದು ಕೃಷ್ಣಪಕ್ಷ ಶುರು. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡುವವರು, ತಿಳಿದೋ ತಿಳಿಯದೆಯೋ, ಚಂದ್ರ ತನ್ನ ಕಕ್ಷೆಯಲ್ಲಿ ಎಲ್ಲಿದ್ದಾನೆಂದು ಓದುತ್ತಿರುತ್ತಾರೆ.

ಕೋನ ಹೆಚ್ಚುಕಡಿಮೆ ಒಂದೇ ಸಮನಾಗಿ ಬೆಳೆದರೂ ಬೆಳಕು ಹಾಗೆ ಬೆಳೆಯುವುದಿಲ್ಲ. ಚೌತಿ ಮುಗಿಯುವ ಹೊತ್ತಿಗೆ ಕೋನ 48 ಡಿಗ್ರಿಯಾದರೂ ಬಿಂಬದಲ್ಲಿ ಬೆಳಗಿರುವುದು ಶೇ 17ರಷ್ಟು ಮಾತ್ರ. ಅಲ್ಲಿಂದ ಏಕಾದಶಿ ಮುಗಿಯುವುದರೊಳಗೆ ಅದು ಶೇ 83 ದಾಟುತ್ತದೆ. ಸರಿಯಾಗಿ ಅರ್ಧ ಬೆಳಗುವುದು 90 ಡಿಗ್ರಿಯಲ್ಲಿ, ಅಂದರೆ ಅಷ್ಟಮಿಯ ನಟ್ಟನಡುವೆ. ಹುಣ್ಣಿಮೆ ಸಮೀಪಿಸಿದಂತೆ ಏರಿಕೆ ಮತ್ತೆ ನಿಧಾನ. ಚತುರ್ದಶಿಯ ಕೊನೆಗೆ ಶೇ 99ರಷ್ಟು ಬೆಳಗಿರುವುದರಿಂದ, ಆ ರಾತ್ರಿಯ ಚಂದ್ರನನ್ನು ಕಂಡು ಹುಣ್ಣಿಮೆ ಎಂದುಕೊಂಡರೆ ಕಣ್ಣಿನ ತಪ್ಪೇನಲ್ಲ.

ಚಂದ್ರ ಹುಟ್ಟಿ ಮುಳುಗುವ ಹೊತ್ತೂ ಇದೇ ಕೋನಕ್ಕೆ ಕಟ್ಟುಬಿದ್ದಿದೆ. ಅಮಾವಾಸ್ಯೆಯ ಚಂದ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವುದರಿಂದ ಕಾಣುವುದಿಲ್ಲ. ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡ. ಶುಕ್ಲ ಅಷ್ಟಮಿಯವನು ನಡುಮಧ್ಯಾಹ್ನದ ಸುಮಾರಿಗೆ ಹುಟ್ಟಿ, ಸಂಜೆಗೆ ನೆತ್ತಿಯ ಸಮೀಪವಿದ್ದು, ನಡುರಾತ್ರಿಗೆ ಮುಳುಗುತ್ತಾನೆ. ಹುಣ್ಣಿಮೆಯವನು ಸೂರ್ಯ ಮುಳುಗುವಾಗ ಹುಟ್ಟುತ್ತಾನೆ. ಸಂಕಷ್ಟಿಯ ಉಪವಾಸ ಮುರಿಯಲು ರಾತ್ರಿ ಎಂಟೂವರೆ, ಒಂಬತ್ತರವರೆಗೆ ಕಾಯಬೇಕಾಗುವುದೇಕೆಂದರೆ, ಕೃಷ್ಣಪಕ್ಷದ ಚೌತಿಯ ಚಂದ್ರ ಹುಣ್ಣಿಮೆಯ ಜಾಗದಿಂದ 36ರಿಂದ 48 ಡಿಗ್ರಿ ಮುಂದೆ ಹೋಗಿರುತ್ತಾನೆ. ಗಂಟೆಗೆ 15 ಡಿಗ್ರಿ ತಿರುಗುವ ಭೂಮಿಗೆ ಅಷ್ಟನ್ನು ಕ್ರಮಿಸಲು ಎರಡೂವರೆಯಿಂದ ಮೂರು ಗಂಟೆ ಬೇಕು. ಕೃಷ್ಣ ಅಷ್ಟಮಿಯ ಚಂದ್ರ ಹುಟ್ಟುವುದು ನಡುರಾತ್ರಿಗೆ, ಜನ್ಮಾಷ್ಟಮಿಯ ಪೂಜೆಯ ಹೊತ್ತಿಗೆ.

ಚಂದ್ರನ ಕಕ್ಷೆ ಪೂರ್ಣ ವೃತ್ತವಲ್ಲ. ಭೂಮಿಗೆ ಹತ್ತಿರವಿದ್ದಾಗ ಅವನ ಓಟ ಬಿರುಸು, ದೂರವಿದ್ದಾಗ ನಿಧಾನ. ಆದ್ದರಿಂದ ಒಂದು ತಿಥಿ ಸುಮಾರು 20 ಗಂಟೆಗೂ ಮುಗಿಯಬಹುದು, 26 ಗಂಟೆಯವರೆಗೂ ಎಳೆಯಬಹುದು. ಸೂರ್ಯೋದಯದ ಹೊತ್ತಿಗಿರುವ ತಿಥಿಯನ್ನೇ ಆ ದಿನಕ್ಕೆ ಹಿಡಿಯುವ ಪದ್ಧತಿಯಲ್ಲಿ ಒಮ್ಮೊಮ್ಮೆ ತಿಥಿಯೊಂದು ಲೋಪವಾಗುವುದು, ಒಮ್ಮೊಮ್ಮೆ ಎರಡು ದಿನ ಬರುವುದು ಈ ಕಾರಣಕ್ಕೆ. ಪಂಚಾಂಗಕರ್ತರ ಗೊಂದಲವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಅದು ಕಕ್ಷೆಯ ಗುಣ.

ಚಂದ್ರ ಭೂಮಿಯನ್ನು ಒಂದು ಸುತ್ತು ಹಾಕಿ ಅದೇ ನಕ್ಷತ್ರದ ಬಳಿ ಬರಲು 27.3 ದಿನ ಸಾಕು. ನಕ್ಷತ್ರಗಳನ್ನು 27 ಎಂದು ಎಣಿಸಿದ್ದು ಇದಕ್ಕೆ ಹೊಂದುತ್ತದೆ, ದಿನಕ್ಕೊಂದು ನಕ್ಷತ್ರದಂತೆ. ಆದರೆ ಅಷ್ಟರಲ್ಲಿ ಸೂರ್ಯ ಸುಮಾರು 27 ಡಿಗ್ರಿ ಮುಂದೆ ಸರಿದಿರುತ್ತಾನೆ. ಅವನನ್ನು ಹಿಡಿಯಲು ಚಂದ್ರನಿಗೆ ಇನ್ನೂ ಎರಡು ದಿನಕ್ಕಿಂತ ಹೆಚ್ಚು ಬೇಕು. ಹಾಗಾಗಿ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ.

ಚಂದ್ರ ದಿನದಿನಕ್ಕೆ ಬೆಳೆದು ಕರಗುವುದು ಅವನ ಮೇಲೆ ಭೂಮಿಯ ನೆರಳು ಬೀಳುವುದರಿಂದ ಎಂಬ ತಪ್ಪು ಕಲ್ಪನೆ ಓದಿದವರಲ್ಲೂ ಇದೆ. ಅದನ್ನು ಅಳಿಸಲು ಶುಕ್ಲ ಅಷ್ಟಮಿಯ ಇಳಿಹೊತ್ತು ಸಾಕು. ಪಶ್ಚಿಮದಲ್ಲಿ ಸೂರ್ಯನಿರುತ್ತಾನೆ, ಹಗಲಿನ ಆಕಾಶದಲ್ಲೇ ಪೂರ್ವದ ಕಡೆಗೆ ಅರ್ಧಚಂದ್ರ ಕಾಣುತ್ತಾನೆ. ಭೂಮಿಯ ನೆರಳು ಚಾಚುವುದು ಸೂರ್ಯನಿಗೆ ನೇರ ಎದುರು ದಿಕ್ಕಿಗೆ. ಚಂದ್ರ ಅಲ್ಲಿಂದ 90 ಡಿಗ್ರಿ ದೂರವಿದ್ದಾನೆ. ಬಿಸಿಲಲ್ಲೇ ನಿಂತು ಒಂದು ನಿಂಬೆಹಣ್ಣನ್ನು ಚಂದ್ರನಿರುವ ದಿಕ್ಕಿಗೆ ಹಿಡಿದರೆ, ಅದರ ಮೇಲಿನ ಬೆಳಕು ಮತ್ತು ಚಂದ್ರನ ಬೆಳಕು ಎರಡೂ ಒಂದೇ ಆಕಾರದಲ್ಲಿ ಕಾಣುತ್ತವೆ. ಆ ಹಣ್ಣಿನ ಮೇಲೆ ಯಾರ ನೆರಳೂ ಬಿದ್ದಿಲ್ಲ.

ನೆರಳು ಬಿದ್ದರೆ ಅದು ಗ್ರಹಣ, ಅದೂ ಹುಣ್ಣಿಮೆಯಂದೇ. ಪ್ರತಿ ಹುಣ್ಣಿಮೆಗೂ ಗ್ರಹಣವಾಗದಿರುವುದು ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ. ಬಹುತೇಕ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲಿಂದಲೋ ಕೆಳಗಿಂದಲೋ ಹಾದುಹೋಗುತ್ತಾನೆ. ಎರಡು ಕಕ್ಷೆಗಳು ಅಡ್ಡಹಾಯುವ ಬಿಂದುಗಳಿಗೆ ರಾಹು, ಕೇತು ಎಂದು ಹೆಸರು.

ಎಳೆಚಂದ್ರ ವಾಲುವ ರೀತಿ ನೋಡುವ ಊರನ್ನು ಅವಲಂಬಿಸಿದೆ. ಯುರೋಪಿನಲ್ಲಿ ಬರೆದ ಚಿತ್ರಗಳಲ್ಲಿ ಅವನು ಬಹುಮಟ್ಟಿಗೆ ನೆಟ್ಟಗೆ ನಿಂತಿರುತ್ತಾನೆ. ಕರ್ನಾಟಕದಲ್ಲಿ ಫೆಬ್ರುವರಿ, ಮಾರ್ಚಿನ ಸಂಜೆಗಳಲ್ಲಿ ಸೂರ್ಯ ಚಂದ್ರರ ಹಾದಿ ದಿಗಂತಕ್ಕೆ ಹೆಚ್ಚುಕಡಿಮೆ ಲಂಬವಾಗಿರುವುದರಿಂದ, ಬಿದಿಗೆ ತದಿಗೆಯ ಚಂದ್ರ ಎರಡೂ ಕೋಡು ಮೇಲೆತ್ತಿ ಬೆನ್ನಿನ ಮೇಲೆ ಮಲಗಿದಂತಿರುತ್ತಾನೆ. ಭಾದ್ರಪದದ ಹೊತ್ತಿಗೆ ಅವನು ಒಂದು ಪಕ್ಕಕ್ಕೆ ವಾಲುತ್ತಾನೆ. ಆ ಎಳೆಗೆರೆಯ ಒಳಗೆ ಉಳಿದ ಬಿಂಬವೂ ಮಂಕಾಗಿ ತೋರುವುದು ಭೂಮಿಯಿಂದ ಚಿಮ್ಮಿದ ಬಿಸಿಲಿನಿಂದ. ಹದಿನಾರನೇ ಶತಮಾನದ ಆರಂಭದಲ್ಲಿ ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದನ್ನು ವಿವರಿಸಿದ್ದ.

ಬೆಳಕನ್ನೂ ಕತ್ತಲನ್ನೂ ಬೇರ್ಪಡಿಸುವ ಗೆರೆ ಶುಕ್ಲಪಕ್ಷದಲ್ಲಿ ಚಂದ್ರನೆಲದ ಸೂರ್ಯೋದಯ, ಕೃಷ್ಣಪಕ್ಷದಲ್ಲಿ ಅಲ್ಲಿನ ಸೂರ್ಯಾಸ್ತ. ಚಂದ್ರನ ಒಂದು ಹಗಲು ಭೂಮಿಯ ಸುಮಾರು 14 ದಿನದಷ್ಟು. ಸೌರಶಕ್ತಿ ನಂಬಿದ್ದ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಇಳಿಯಬೇಕಾದ ಜಾಗ ಚಂದ್ರನ ನಡುರೇಖೆಯಿಂದ ಸುಮಾರು 32 ಡಿಗ್ರಿ ಪೂರ್ವಕ್ಕಿತ್ತು. ಅಲ್ಲಿ ಬೆಳಗಾಗುವುದು ಅರ್ಧಚಂದ್ರಕ್ಕೆ ಎರಡು ಮೂರು ದಿನ ಮೊದಲು. ಬೆಂಗಳೂರಿನ ಇಸ್ರೊ ನಿಯಂತ್ರಣ ಕೇಂದ್ರದ ಕಣ್ಗಾವಲಿನಲ್ಲಿ ನೌಕೆ ನೆಲ ಮುಟ್ಟಿದ್ದು 2023ರ ಆಗಸ್ಟ್ 23ರಂದು, ಶ್ರಾವಣ ಶುಕ್ಲ ಸಪ್ತಮಿ. ಅಲ್ಲಿ ಸಂಜೆಯಾಗುತ್ತಿದ್ದಂತೆ ಸೆಪ್ಟೆಂಬರ್ 4ರಂದು ವಿಕ್ರಮ್‌ನನ್ನು ನಿದ್ರೆಗೆ ಕಳುಹಿಸಲಾಯಿತು, ಆಗ ಭೂಮಿಯಲ್ಲಿ ಕೃಷ್ಣಪಕ್ಷ. ಸೆಪ್ಟೆಂಬರ್ 22ರ ಹೊತ್ತಿಗೆ ಗೆರೆ ಮತ್ತೆ ಆ ಜಾಗವನ್ನು ದಾಟಿ ಬಿಸಿಲು ಬಂದಿತ್ತು. ಇಸ್ರೊ ಅಂದು ಸಂಪರ್ಕಕ್ಕೆ ಯತ್ನಿಸಿತು, ಸಂಕೇತ ಬರಲಿಲ್ಲ.