ಕೆಲಸವೂ ಒಂದು ಔಷಧ

ಪಾರ್ಶ್ವವಾಯುವಿಗೆ ಸಂಸ್ಕೃತದಲ್ಲಿ ಪಕ್ಷಾಘಾತವೆಂದು ಹೆಸರು. ಪಕ್ಷವೆಂದರೆ ದೇಹದ ಮಗ್ಗುಲು. ಹಕ್ಕಿಯ ರೆಕ್ಕೆಯೂ ಅದೇ. ರೆಕ್ಕೆ ಮುರಿದ ಹಕ್ಕಿಯನ್ನು ಪಂಜರದಲ್ಲಿಟ್ಟು ಕಾಳು ಹಾಕುವುದೇ ದಯೆಯೆಂದು ನಾವು ಬಹುಕಾಲ ನಂಬಿದ್ದೆವು. ಆ ನಂಬಿಕೆಯಿಂದ ಒಬ್ಬರಿಗೆ ನಮ್ಮಿಂದಲೇ ಅಪಕಾರವಾಯಿತು.

ಮುಳಬಾಗಿಲು ಸೀಮೆಯ ಸರ್ಕಾರಿ ಶಾಲೆಯೊಂದರಲ್ಲಿ ನಮ್ಮೊಡನೆ ಉಪಾಧ್ಯಾಯರಾಗಿದ್ದ ಮಿತ್ರರಿಗೆ ಬಲಗೈ ಸ್ವಾಧೀನ ತಪ್ಪಿತು, ಮಾತು ತೊದಲಿತು. "ಇನ್ನು ವಿಶ್ರಾಂತಿ ಪಡೆಯಿರಿ" ಎಂದು ಹೇಳಿ, ರಾಜೀನಾಮೆಯ ಕರಡನ್ನು ನಾವೇ ಬರೆದುಕೊಟ್ಟೆವು. ಅವರು ಎಡಗೈಯಿಂದ ರುಜು ಹಾಕಿದರು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 20ನೆಯ ಪ್ರಕರಣವನ್ನು ನಾವು ಆಗ ಓದಿರಲಿಲ್ಲ. ಸೇವೆಯಲ್ಲಿರುವಾಗ ಅಂಗವೈಕಲ್ಯವುಂಟಾದ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯಕೂಡದು, ದರ್ಜೆಯನ್ನು ಇಳಿಸಕೂಡದು. ಇದ್ದ ಹುದ್ದೆ ಒಗ್ಗದಿದ್ದರೆ ಅದೇ ವೇತನದ ಬೇರೆ ಹುದ್ದೆಗೆ ವರ್ಗಾಯಿಸಬೇಕೆಂದು ಅದು ವಿಧಿಸುತ್ತದೆ.

ಮಾಲೂರಿನ ಇಟ್ಟಿಗೆಗೂಡಿನ ಆಳಿಗೂ ಶ್ರೀನಿವಾಸಪುರದ ಮಾವಿನ ತೋಪಿನ ರೈತನಿಗೂ ಈ ಆಸರೆಯಿಲ್ಲ. ಅವರ ಪಾಲಿಗೆ ಮನೆಯವರೇ ಶಾಸನಕರ್ತರು.

ಮೆದುಳಿನ ಒಂದು ಭಾಗ ಕೆಟ್ಟರೆ, ಉಳಿದ ಭಾಗವು ಅಭ್ಯಾಸಬಲದಿಂದ ಅದರ ಕೆಲಸವನ್ನು ಎಷ್ಟೋ ಮಟ್ಟಿಗೆ ಕಲಿಯಬಲ್ಲದು. ಮರಳಿನ ಮೇಲೆ ಅಕ್ಷರ ತಿದ್ದುವ ಬಾಲಕನಂತೆ, ಒಂದನ್ನೇ ನೂರು ಸಲ ಮಾಡಬೇಕು. ಮೊದಲ ಕೆಲವು ತಿಂಗಳುಗಳಲ್ಲಿ ಈ ಕಲಿಕೆ ವಿಶೇಷವಾಗಿ ಸಾಗುವುದು, ಆಮೇಲೂ ನಿಲ್ಲುವುದಿಲ್ಲ. ಆದ ಕಾರಣ, ವೈದ್ಯರ ಅನುಮತಿ ದೊರೆತೊಡನೆ ಪರಿಚಿತವಾದ ಕೆಲಸವನ್ನೇ ಚೂರು ಚೂರಾಗಿ ಹಿಂದಕ್ಕೆ ಕೊಡಬೇಕು. ರೇಷ್ಮೆಯ ಮನೆಯವರು ಚಂದ್ರಂಕಿಯಿಂದ ಗೂಡು ಬಿಡಿಸಲಿ. ತೋಪಿನವರು ಕುಳಿತು ಹಣ್ಣನ್ನು ವಿಂಗಡಿಸಲಿ. ಮೊದಲು ಅರ್ಧ ಗಂಟೆ, ಬಳಿಕ ಒಂದು ಗಂಟೆ. ಬೇಗನೆ ಬಳಲುವುದು ಸೋಮಾರಿತನವಲ್ಲ, ರೋಗದ ಶೇಷ. ಸ್ಪರ್ಶಜ್ಞಾನವಿಲ್ಲದ ಕೈಗೆ ಕುಡುಗೋಲು, ಬೆಂಕಿ ಸಲ್ಲವು. ಏಣಿ, ಬಾವಿಯ ಕಟ್ಟೆಗಳ ಬಳಿ ಒಂಟಿಯಾಗಿ ಬಿಡಬಾರದು. ರಕ್ತದೊತ್ತಡದ ಮಾತ್ರೆಯನ್ನು, ಚೆನ್ನಾಗಿದ್ದೇವೆಂದು ಸ್ವಯಂ ನಿಲ್ಲಿಸಲೂ ಬಾರದು.

ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಿಂದ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವು ಮೊದಲು ಕೈಗೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ರೋಗಿಯನ್ನು ಮನೆಗೆ ಕರೆತರುವಾಗ, "ಇವರು ಯಾವ ಕೆಲಸ ಮಾಡಬಹುದು?" ಎಂಬ ಪ್ರಶ್ನೆಯನ್ನು ಜಿಲ್ಲಾ ಆಸ್ಪತ್ರೆಯಲ್ಲಿಯೇ ಕೇಳಿ ಬರುವುದು ಗೃಹಸ್ಥರ ಕರ್ತವ್ಯ.

ನಮ್ಮ ಮಿತ್ರರು ಈಗ ಸಂಜೆಯ ಹೊತ್ತು ಜಗುಲಿಯ ಮೇಲೆ ನೆರೆಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾರೆ. ಮಾತು ಬಹುಮಟ್ಟಿಗೆ ತಿಳಿಯಾಗಿದೆ. ಎಡಗೈಯ ಅಕ್ಷರ ದುಂಡಾಗಿದೆ. ಮೊನ್ನೆ ನಮ್ಮನ್ನು ಕಂಡು, "ಹಾಜರಿ ಪುಸ್ತಕವೊಂದಿಲ್ಲ, ಅಷ್ಟೆ" ಎಂದು ನಕ್ಕರು. ನಾವು ತಲೆತಗ್ಗಿಸಿ ಕುಳಿತಿದ್ದೆವು.